ಅಣುವಿಗೆ ಒಪ್ಪುವ ಕೆಲಸ



ಅಣುಗಳಲ್ಲಿ ಮಾಹಿತಿಯನ್ನು ಕೂಡಿಡಬಹುದು, ಅಣುಗಳಿಂದಲೇ ಲೆಕ್ಕವನ್ನೂ ಮಾಡಿಸಬಹುದು ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾಗಿಬಿಟ್ಟಿದೆ. ಸಿಲಿಕಾನಿನ ಕಾಲ ಮುಗಿಯಿತು, ಇನ್ನು ಡಿಎನ್‌ಎ ಕಂಪ್ಯೂಟರಿನ ಕಾಲ ಎಂಬ ಮಾತಿಗೇ ಮೂವತ್ತು ವರ್ಷ ವಯಸ್ಸಾಯಿತು. ಅಷ್ಟು ದೊಡ್ಡ ಮಾತು ನನ್ನದಲ್ಲ. ಕೂಡಿಡುವುದು ಒಂದು ಕೆಲಸ, ಲೆಕ್ಕ ಮಾಡುವುದು ಇನ್ನೊಂದು. ಮೊದಲನೆಯದಕ್ಕೆ ಡಿಎನ್‌ಎ ಹೇಳಿಮಾಡಿಸಿದಂಥ ವಸ್ತು. ಎರಡನೆಯದಕ್ಕೆ ಅದು ಒಗ್ಗುವುದು ಕೆಲವೇ ಸಂದರ್ಭಗಳಲ್ಲಿ. ಈ ವ್ಯತ್ಯಾಸವನ್ನು ಮರೆತದ್ದರಿಂದಲೇ ಈ ಕ್ಷೇತ್ರದ ಬಗ್ಗೆ ಅತಿಯಾದ ಆಸೆಯೂ ಅನಂತರ ಅತಿಯಾದ ಬೇಸರವೂ ಹುಟ್ಟಿಕೊಂಡವು ಎಂಬುದೇ ಈ ಉಪನ್ಯಾಸದ ವಾದ.

ಮೊದಲು ಲೆಕ್ಕದ ವಿಷಯ. 1994ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೆನಾರ್ಡ್ ಏಡಲ್‌ಮನ್ ಒಂದು ಗಣಿತದ ಸಮಸ್ಯೆಯನ್ನು ಪ್ರನಾಳದಲ್ಲಿ ಬಿಡಿಸಿ ತೋರಿಸಿದರು. ಆರ್‌ಎಸ್‌ಎ ಎಂಬ ಹೆಸರಾಂತ ಗೂಢಲಿಪಿಯ ಕೊನೆಯ ‘ಎ’ ಇವರ ಹೆಸರಿನದೇ. 7 ಊರುಗಳು, ಅವುಗಳ ನಡುವೆ 14 ಏಕಮುಖ ದಾರಿಗಳು; ಗೊತ್ತುಮಾಡಿದ ಊರಿನಿಂದ ಹೊರಟು, ಪ್ರತಿ ಊರನ್ನೂ ಒಂದೇ ಒಂದು ಸಲ ಹಾದು, ಗೊತ್ತುಮಾಡಿದ ಇನ್ನೊಂದು ಊರನ್ನು ಸೇರಲು ಸಾಧ್ಯವೇ? ಏಡಲ್‌ಮನ್ ಪ್ರತಿ ಊರಿಗೂ 20 ಅಕ್ಷರಗಳ, ಅಂದರೆ ಎ, ಸಿ, ಜಿ, ಟಿ ಎಂಬ ರಾಸಾಯನಿಕ ಕೊಂಡಿಗಳ, ಒಂದು ಡಿಎನ್‌ಎ ಎಳೆಯನ್ನು ನಿಗದಿಮಾಡಿದರು. ದಾರಿಗಳಿಗೂ ಎಳೆಗಳಿದ್ದವು, ಅವುಗಳ ಒಂದು ತುದಿ ಹೊರಡುವ ಊರಿಗೆ, ಇನ್ನೊಂದು ತುದಿ ಸೇರುವ ಊರಿಗೆ ಹೊಂದುತ್ತಿತ್ತು. ಎ ಅಕ್ಷರ ಟಿಯನ್ನೂ ಸಿ ಅಕ್ಷರ ಜಿಯನ್ನೂ ಹುಡುಕಿ ಅಂಟಿಕೊಳ್ಳುವ ಗುಣವೇ ಇಲ್ಲಿ ಲೆಕ್ಕಿಗ. ಎಳೆಗಳನ್ನೆಲ್ಲ ಬೆರೆಸಿದೊಡನೆ ಸಾಧ್ಯವಿರುವ ಪ್ರಯಾಣಗಳೆಲ್ಲ ಕೋಟಿಗಟ್ಟಲೆ ಪ್ರತಿಗಳಲ್ಲಿ ಒಟ್ಟಿಗೇ ಸಿದ್ಧವಾದವು. ಆದರೆ ಆ ರಾಶಿಯಿಂದ ಸರಿಯಾದ ಉತ್ತರವನ್ನು ಸೋಸಿ ತೆಗೆಯಲು ಪ್ರಯೋಗಾಲಯದಲ್ಲಿ ಸುಮಾರು 7 ದಿನ ಹಿಡಿಯಿತು.

ಆ ಪ್ರಯೋಗದ ಸೊಗಸನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಅದರ ಮಿತಿಯನ್ನು ಮರುವರ್ಷವೇ ಜೂರಿಸ್ ಹಾರ್ಟ್‌ಮಾನಿಸ್ ಲೆಕ್ಕ ಹಾಕಿ ತೋರಿಸಿದರು: ಇದೇ ವಿಧಾನದಲ್ಲಿ 200 ಊರುಗಳ ಸಮಸ್ಯೆಯನ್ನು ಬಿಡಿಸಲು ಬೇಕಾಗುವ ಡಿಎನ್‌ಎ ಭೂಮಿಗಿಂತ ಹೆಚ್ಚು ತೂಗುತ್ತದೆ. ಅಂದರೆ ಕಷ್ಟ ಕರಗಲಿಲ್ಲ, ಜಾಗ ಬದಲಿಸಿತು. ಸಿಲಿಕಾನಿನಲ್ಲಿ ಕಾಲವಾಗಿ ಬೆಳೆಯುತ್ತಿದ್ದದ್ದು ಪ್ರನಾಳದಲ್ಲಿ ತೂಕವಾಗಿ ಬೆಳೆಯಿತು. 2002ರಲ್ಲಿ ಏಡಲ್‌ಮನ್ ತಂಡವೇ 20 ಚರಗಳಿದ್ದ ಒಂದು ತರ್ಕಸಮಸ್ಯೆಯನ್ನು, ಅಂದರೆ 10,48,576 ಸಾಧ್ಯತೆಗಳ ನಡುವೆ ಒಂದನ್ನು, ಡಿಎನ್‌ಎಯಿಂದ ಹುಡುಕಿ ತೆಗೆಯಿತು. ಅದೇ ಕೆಲಸವನ್ನು ಇವತ್ತಿನ ಮೊಬೈಲ್ ಫೋನು ಕಣ್ಣು ಮಿಟುಕಿಸುವುದರೊಳಗೆ ಮುಗಿಸೀತು. 2011ರಲ್ಲಿ ಕ್ಯಾಲ್ಟೆಕ್‌ನ ಲುಲು ಚಿಯಾನ್ ಮತ್ತು ಎರಿಕ್ ವಿನ್‌ಫ್ರೀ 130 ಎಳೆಗಳ ಡಿಎನ್‌ಎ ಸರ್ಕೀಟು ಕಟ್ಟಿ 15ರವರೆಗಿನ ಸಂಖ್ಯೆಗಳ ವರ್ಗಮೂಲ ತೆಗೆಸಿದರು. ಒಂದೊಂದು ಉತ್ತರಕ್ಕೂ ಗಂಟೆಗಟ್ಟಲೆ ಕಾಯಬೇಕಿತ್ತು. ಕಾರಣ ಸರಳ: ದ್ರಾವಣದಲ್ಲಿ ಪ್ರತಿ ಎಳೆಯೂ ಗೊತ್ತುಗುರಿಯಿಲ್ಲದೆ ತೇಲಾಡಿ ತನ್ನ ಜೊತೆಗಾರನಿಗೆ ಡಿಕ್ಕಿ ಹೊಡೆಯಬೇಕು. ಇಂಥ ಅಲೆದಾಟವನ್ನು ನೆಚ್ಚಿಕೊಂಡ ಯಂತ್ರ, ತಂತಿಯಲ್ಲಿ ಓಡುವ ವಿದ್ಯುತ್ತಿನೊಡನೆ ವೇಗದಲ್ಲಿ ಸ್ಪರ್ಧಿಸಲಾರದು.

ಕೂಡಿಡುವ ವಿಷಯಕ್ಕೆ ಬಂದರೆ ಚಿತ್ರವೇ ಬೇರೆ. ನಮ್ಮ ‘ಕ’ ಅಕ್ಷರವನ್ನೇ ತೆಗೆದುಕೊಳ್ಳೋಣ. ಯುನಿಕೋಡ್ ಪಠ್ಯವನ್ನು ಸಾಮಾನ್ಯವಾಗಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಅದು 3 ಬೈಟು, ಅಂದರೆ 24 ಬಿಟ್ಟು. 00ಕ್ಕೆ ಎ, 01ಕ್ಕೆ ಸಿ, 10ಕ್ಕೆ ಜಿ, 11ಕ್ಕೆ ಟಿ ಎಂದು ಗೊತ್ತುಮಾಡಿಕೊಂಡರೆ ‘ಕ’ ಎನ್ನುವುದು ಟಿ-ಜಿ-ಎ-ಎ-ಜಿ-ಟಿ-ಎ-ಜಿ-ಜಿ-ಸಿ-ಸಿ-ಸಿ ಎಂಬ 12 ಕೊಂಡಿಗಳ ಸರಪಳಿ. ಕೊನೆಯಲ್ಲಿ ಸಿ ಮೂರು ಸಲ ಬಂತು ನೋಡಿ. ಒಂದೇ ಅಕ್ಷರ ಹೀಗೆ ಸಾಲಾಗಿ ಬಂದಷ್ಟೂ ಓದುವ ಯಂತ್ರ ಎಣಿಕೆ ತಪ್ಪುತ್ತದೆ. ಚಿತ್ರದಲ್ಲಿ ಬರಿಯ ಬಿಳಿ ಜಾಗವಿದ್ದರೆ, ಬಿಳಿಯ ಸಂಕೇತ ಬರೀ 1ಗಳಾದ್ದರಿಂದ, ಉದ್ದಕ್ಕೂ ಟಿಗಳೇ ಬಂದಾವು. ಆದ್ದರಿಂದ ಜಾಣತನವೆಲ್ಲ ಬಿಟ್ಟುಗಳನ್ನು ಅಕ್ಷರಗಳಿಗೆ ಹೊಂದಿಸುವ ಈ ಕೋಷ್ಟಕವನ್ನು ರೂಪಿಸುವುದರಲ್ಲಿದೆ. 2012ರಲ್ಲಿ ಹಾರ್ವರ್ಡ್‌ನ ಜಾರ್ಜ್ ಚರ್ಚ್ ತಂಡ ಸುಮಾರು 53 ಸಾವಿರ ಪದಗಳ ಒಂದು ಪುಸ್ತಕವನ್ನು ಚಿತ್ರಸಹಿತ ಡಿಎನ್‌ಎಯಲ್ಲಿ ಬರೆದಾಗ, ಒಂದು ಬಿಟ್ಟಿಗೆ ಒಂದು ಕೊಂಡಿಯನ್ನು ವ್ಯಯಿಸಿ ಈ ತೊಡಕನ್ನು ದಾಟಿತು. 2013ರಲ್ಲಿ ಇಂಗ್ಲೆಂಡಿನ ಹಿಂಕ್ಸ್‌ಟನ್‌ನಲ್ಲಿ ನಿಕ್ ಗೋಲ್ಡ್‌ಮನ್ ತಂಡ ಶೇಕ್ಸ್‌ಪಿಯರನ 154 ಸಾನೆಟ್ಟುಗಳನ್ನೂ ಮಾರ್ಟಿನ್ ಲೂಥರ್ ಕಿಂಗ್ ಭಾಷಣದ ತುಣುಕನ್ನೂ ಬರೆದಿಟ್ಟಾಗ, ಒಂದೇ ಅಕ್ಷರ ಎರಡು ಸಲ ಅಕ್ಕಪಕ್ಕ ಬಾರದಂತೆ ಮೂರಂಕಿಯ ಲಿಪಿಯನ್ನು ಬಳಸಿತು. 2017ರಲ್ಲಿ ಯಾನಿವ್ ಎರ್ಲಿಖ್ ಮತ್ತು ದಿನಾ ಝಿಲಿನ್‌ಸ್ಕಿ ಗ್ರಾಮಿಗೆ 215 ಪೆಟಾಬೈಟು, ಅಂದರೆ 2,15,000 ಟೆರಾಬೈಟಿನಷ್ಟು ಸಾಂದ್ರತೆಯನ್ನು ತೋರಿಸಿದರು. ಮರುವರ್ಷ ಮೈಕ್ರೋಸಾಫ್ಟ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ 200 ಮೆಗಾಬೈಟಿಗೂ ಹೆಚ್ಚು ಬರೆದು, 35 ಕಡತಗಳಲ್ಲಿ ಬೇಕಾದ ಒಂದನ್ನು ಮಾತ್ರ ಹೊರತೆಗೆದು ಓದಿತು. ಪ್ರತಿ ಎಳೆಯ ತುದಿಯಲ್ಲಿ ವಿಳಾಸವಿರುತ್ತದೆ. ಆ ವಿಳಾಸದ ಎಳೆಗಳನ್ನಷ್ಟೇ ನಕಲು ಮಾಡಿ ಹೆಚ್ಚಿಸಿದರೆ ಉಳಿದವು ಹಿನ್ನೆಲೆಗೆ ಸರಿಯುತ್ತವೆ. ಲೆಕ್ಕದಲ್ಲಿ ಶಾಪವಾಗಿದ್ದ ‘ಜೊತೆಗಾರನನ್ನು ಹುಡುಕಿ ಅಂಟುವ’ ಗುಣ ಇಲ್ಲಿ ವರವಾಯಿತು, ಏಕೆಂದರೆ ಉಗ್ರಾಣದಿಂದ ಕಡತ ತರಿಸುವವರು ಒಂದು ದಿನ ಕಾಯಬಲ್ಲರು.

ಬಾಳಿಕೆಯ ಮಾತಿನಲ್ಲಿ ಸ್ವಲ್ಪ ಎಚ್ಚರ ಬೇಕು. ಗ್ರೀನ್‌ಲೆಂಡಿನ ಮಣ್ಣಿನಲ್ಲಿ 20 ಲಕ್ಷ ವರ್ಷ ಹಳೆಯ ಡಿಎನ್‌ಎ ಸಿಕ್ಕಿದ್ದು 2022ರಲ್ಲಿ ವರದಿಯಾಯಿತು. ಅದನ್ನೇ ಹಿಡಿದು ಡಿಎನ್‌ಎಗೆ ಸಾವಿಲ್ಲ ಎನ್ನುವವರಿದ್ದಾರೆ. ಆದರೆ ಸಿಕ್ಕಿದ್ದು ಹೆಪ್ಪುಗಟ್ಟಿದ ನೆಲದಲ್ಲಿ ಉಳಿದ ಚೂರುಪಾರುಗಳು. ನ್ಯೂಜಿಲೆಂಡಿನ ಅಳಿದುಹೋದ ಮೋವಾ ಹಕ್ಕಿಯ ಮೂಳೆಗಳ ಅಧ್ಯಯನದಲ್ಲಿ ಡಿಎನ್‌ಎಯ ಅರ್ಧಾಯುಷ್ಯ 521 ವರ್ಷವೆಂದು ಕಂಡಿತು. ನೀರು ಅದರ ಶತ್ರು. ಜ್ಯೂರಿಕ್‌ನ ರಾಬರ್ಟ್ ಗ್ರಾಸ್ ತಂಡ 2015ರಲ್ಲಿ ಡಿಎನ್‌ಎಯನ್ನು ಗಾಜಿನಂಥ ಸಿಲಿಕಾ ಕಣಗಳೊಳಗೆ ಮುಚ್ಚಿ ನೀರನ್ನು ದೂರವಿಟ್ಟಿತು. ಸುಮಾರು 10 ಡಿಗ್ರಿ ತಂಪಿನಲ್ಲಿ 2000 ವರ್ಷ ಉಳಿಯಬಹುದೆಂದು ಅಂದಾಜಿಸಿತು. ಕಾಂತಟೇಪಿಗೆ ಹೇಳುವ ಆಯುಷ್ಯ 30 ವರ್ಷ. ಉತ್ಪ್ರೇಕ್ಷೆಯನ್ನು ಕಳೆದರೂ ಅಂತರ ದೊಡ್ಡದೇ.

ಹಾಗಿದ್ದರೆ ಇದು ಇನ್ನೂ ಗ್ರಂಥಾಲಯಗಳಿಗೆ ಏಕೆ ಬಂದಿಲ್ಲ? ಬರೆಯುವುದು ಕಷ್ಟ, ಅದಕ್ಕೆ. ಇವತ್ತಿಗೂ ಬಹುಪಾಲು ಡಿಎನ್‌ಎಯನ್ನು 1980ರ ದಶಕದ ಆರಂಭದಲ್ಲಿ ಮಾರ್ವಿನ್ ಕರೂದರ್ಸ್ ರೂಪಿಸಿದ ರಸಾಯನಕ್ರಮದಲ್ಲೇ ಕೊಂಡಿಗೆ ಕೊಂಡಿ ಸೇರಿಸಿ ಕಟ್ಟುತ್ತಾರೆ. ಪ್ರತಿ ಹೆಜ್ಜೆಯೂ ನೂರಕ್ಕೆ 99.5 ಪಾಲು ಸರಿಯಾದರೂ 200 ಕೊಂಡಿಗಳ ಕೊನೆಗೆ ಪೂರ್ತಿ ಸರಿಯಾಗಿ ಉಳಿಯುವುದು ನೂರರಲ್ಲಿ 37 ಎಳೆಗಳು ಮಾತ್ರ. ಅದಕ್ಕೇ ಎಳೆಗಳು ಗಿಡ್ಡ. ಅದಕ್ಕೇ ಪ್ರತಿಯೊಂದಕ್ಕೂ ಕ್ರಮಸಂಖ್ಯೆ, ತಪ್ಪು ತಿದ್ದುವ ಹೆಚ್ಚುವರಿ ಅಕ್ಷರಗಳು. 2019ರಲ್ಲಿ ಮೈಕ್ರೋಸಾಫ್ಟ್ ಮತ್ತು ವಾಷಿಂಗ್ಟನ್ ತಂಡ ಮನುಷ್ಯರ ಕೈ ತಾಗದಂತೆ ಬರೆದು ಓದುವ ಯಂತ್ರವೊಂದನ್ನು ಕಟ್ಟಿ, ಇಂಗ್ಲಿಷಿನ ‘ಹಲೋ’ ಎಂಬ 5 ಬೈಟಿನ ಪದವನ್ನು ದಾಟಿಸಿತು. ಹಿಡಿದದ್ದು 21 ಗಂಟೆ, ಅದರಲ್ಲಿ ಹೆಚ್ಚಿನ ಪಾಲು ಬರವಣಿಗೆಗೇ. ಗೋಲ್ಡ್‌ಮನ್ ತಂಡ 2013ರಲ್ಲಿ ಕೊಟ್ಟ ಅಂದಾಜಿನಂತೆ ಒಂದು ಮೆಗಾಬೈಟು ಬರೆಯಲು 12,400 ಡಾಲರ್, ಓದಲು 220.

ಓದುವ ಖರ್ಚು ಇಪ್ಪತ್ತು ವರ್ಷಗಳಲ್ಲಿ ಪಾತಾಳಕ್ಕಿಳಿಯಿತು, ಬರೆಯುವ ಖರ್ಚೂ ಹಾಗೇ ಇಳಿದೀತು ಎಂಬ ವಾದವಿದೆ. ಒಬ್ಬ ಮನುಷ್ಯನ ಜೀನೋಮ್ ಓದಲು 2001ರಲ್ಲಿ ಸುಮಾರು 10 ಕೋಟಿ ಡಾಲರ್ ಬೇಕಿತ್ತು, ಈಗ ಸಾವಿರ ಡಾಲರಿಗೂ ಕಡಿಮೆ, ನಿಜ. ಆದರೆ ಓದಿನ ಬೆಲೆ ಇಳಿಸಿದ್ದು ವೈದ್ಯಕೀಯದ ಬೇಡಿಕೆ. ಉದ್ದನೆಯ, ಹೊಸ ಹೊಸ ಬರವಣಿಗೆಗೆ ಅಷ್ಟು ದೊಡ್ಡ ಗಿರಾಕಿ ಇನ್ನೂ ಹುಟ್ಟಿಲ್ಲ. ಕಿಣ್ವಗಳಿಂದ ಬರೆಯುವ ವಿಧಾನಗಳ ಮೇಲೆ ನನಗೆ ಭರವಸೆಯಿದೆ, ಆದರೆ ಭರವಸೆಯನ್ನು ದರಪಟ್ಟಿಯಂತೆ ಓದಬಾರದು.

ಲೆಕ್ಕದ ಬಗೆಗಿನ ನನ್ನ ವಾದಕ್ಕೆ ಇನ್ನೂ ಗಟ್ಟಿಯಾದ ಆಕ್ಷೇಪಗಳು ಎರಡಿವೆ. ಜೀವಕೋಶ ಹಗಲಿರುಳೂ ಅಣುಗಳಿಂದಲೇ ಲೆಕ್ಕ ಮಾಡುತ್ತಿದೆಯಲ್ಲ ಎನ್ನುವುದು ಒಂದು. ಮಾಡುತ್ತಿದೆ, ಆದರೆ ಅದಕ್ಕೆ ಬರುವ ಪ್ರಶ್ನೆಯೂ ಅಣು, ಅದು ಕೊಡುವ ಉತ್ತರವೂ ಅಣು. ಅಂಥ ಕಡೆ ಅಣುಗಣನೆಗೆ ಸಾಟಿಯಿಲ್ಲ. 2004ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಎಹುದ್ ಶಪಿರೊ ತಂಡ, ಕ್ಯಾನ್ಸರಿನ ಗುರುತಾದ ಆರ್‌ಎನ್‌ಎಗಳನ್ನು ಪತ್ತೆಹಚ್ಚಿ, ಎಲ್ಲ ಗುರುತುಗಳೂ ಕೂಡಿಬಂದರೆ ಮಾತ್ರ ಔಷಧದ ಎಳೆಯನ್ನು ಬಿಡುವ ಅಣುಗಣಕವನ್ನು ಪ್ರನಾಳದಲ್ಲಿ ತೋರಿಸಿತು. ನಾನು ಮೊದಲು ಹೇಳಿದ ‘ಕೆಲವೇ ಸಂದರ್ಭ’ ಇದು. ಎರಡನೆಯ ಆಕ್ಷೇಪ ಬೆಂಗಳೂರಿನದೇ. ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀತೋಷ್ ಗೋಸ್ವಾಮಿ ಅವರ ತಂಡ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ, ಸುಮಾರು 16,500 ವಿದ್ಯುತ್‌ವಾಹಕತೆಯ ಸ್ಥಿತಿಗಳಲ್ಲಿ ನೆನಪಿಡುತ್ತ ಅಲ್ಲೇ ಲೆಕ್ಕವನ್ನೂ ಮಾಡಬಲ್ಲ ಅಣುಪದರವೊಂದನ್ನು ವರದಿ ಮಾಡಿತು. ಇದು ನನ್ನ ವಾದವನ್ನು ಕೆಡಹುತ್ತದೆಯೇ? ಇಲ್ಲಿ ಅಣುಗಳು ಅಲೆಯುವುದಿಲ್ಲ. ವಿದ್ಯುದ್ವಾರಗಳ ನಡುವೆ ಪದರವಾಗಿ ಕುಳಿತಿರುತ್ತವೆ, ಅವುಗಳ ಸ್ಥಿತಿಯನ್ನು ಬದಲಿಸುವುದು ವಿದ್ಯುತ್ತಿನ ಮಿಡಿತ. ಲೆಕ್ಕದಲ್ಲಿ ಅಣುವಿಗೆ ನಿಜವಾದ ಭವಿಷ್ಯವಿದ್ದರೆ ಈ ದಾರಿಯಲ್ಲಿದೆ. ಸಿಲಿಕಾನನ್ನು ಓಡಿಸಿ ಅಲ್ಲ, ಅದರ ಜೊತೆಗೆ ಕೂತು.

ಕೊನೆಯದಾಗಿ, ಡಿಎನ್‌ಎಯಲ್ಲಿ ಕೂಡಿಟ್ಟದ್ದನ್ನು ಸಾವಿರ ವರ್ಷದ ಮೇಲೆ ಓದುವವರು ಯಾರು? ಫ್ಲಾಪಿ ಓದುವ ಯಂತ್ರ ಮರೆಯಾಯಿತು. ಆದರೆ ವೈದ್ಯವಿಜ್ಞಾನ ಇರುವವರೆಗೂ ಡಿಎನ್‌ಎ ಓದುವ ಯಂತ್ರ ಇದ್ದೇ ಇರುತ್ತದೆ. ಅಳಿಯುವುದು ಸಂಕೇತವನ್ನು ಅಕ್ಷರಕ್ಕೆ ಹೊಂದಿಸುವ ಕೋಷ್ಟಕ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಕನ್ನಡವನ್ನು ನೆನೆಸಿಕೊಳ್ಳಿ. ಅಲ್ಲಿ ಕನ್ನಡದ ಆಕಾರಗಳು ರೋಮನ್ ಸಂಕೇತಗಳ ಮನೆಗಳಲ್ಲಿ ಕೂತಿವೆ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಅಂಥ ಕಡತವನ್ನು ಡಿಎನ್‌ಎಗೆ ಇಳಿಸಿದರೆ ಆ ಅರ್ಥಹೀನತೆಯೇ ಎರಡು ಸಾವಿರ ವರ್ಷ ಬಾಳುತ್ತದೆ. ಆದ್ದರಿಂದ ಪ್ರಕಾಶಕರಲ್ಲಿ, ವಿಶ್ವವಿದ್ಯಾಲಯಗಳಲ್ಲಿ, ಮನೆಯ ಕಂಪ್ಯೂಟರಿನಲ್ಲಿ ಹಸ್ತಪ್ರತಿ ಇಟ್ಟುಕೊಂಡ ಲೇಖಕರಲ್ಲಿ ನನ್ನದೊಂದು ಕೋರಿಕೆ: ಹಳೆಯ ಫಾಂಟಿನ ಕಡತಗಳನ್ನು ಈಗಲೇ ಯುನಿಕೋಡಿಗೆ ಬದಲಿಸಿ, ಬದಲಿಸಿದ್ದನ್ನು ಒಮ್ಮೆ ಕೂತು ಓದಿ ತಿದ್ದಿಡಿ. ಈ ಕೆಲಸಕ್ಕೆ ಡಿಎನ್‌ಎ ಯಂತ್ರ ಬರುವವರೆಗೆ ಕಾಯಬೇಕಾಗಿಲ್ಲ.