ದೇವರ ಮಾತೋ, ಮನದ ಮಾತೋ?



'ಕರ್ತನು ನನಗೆ ಹೀಗೆ ತಿಳಿಸಿದ್ದಾನೆ' ಎಂದು ಪ್ರಾರ್ಥನಾ ಸಭೆಯಲ್ಲಿ ಒಬ್ಬರು ಎದ್ದು ನಿಂತು ನುಡಿದರೆ ಉಳಿದವರು ಏನು ಮಾಡಬೇಕು? ಒಪ್ಪದಿದ್ದರೆ ದೇವರ ಮಾತನ್ನೇ ತಳ್ಳಿಹಾಕಿದಂತಾಗಬಹುದು. ವಿಚಾರಿಸದೆ ಒಪ್ಪಿದರೆ ಬರೀ ಮನುಷ್ಯನ ಮಾತಿಗೆ ತಲೆಬಾಗಿದಂತಾಗಬಹುದು. ಪವಿತ್ರಾತ್ಮನ ವರಗಳು ಇಂದಿಗೂ ದೊರೆಯುತ್ತವೆ ಎಂದು ನಂಬುವ ಪೆಂತೆಕೋಸ್ತ್ ಮತ್ತು ಕರಿಸ್ಮ್ಯಾಟಿಕ್ ಕ್ರೈಸ್ತರನ್ನು ಈ ಇಕ್ಕಟ್ಟು ಮೊದಲಿನಿಂದಲೂ ಕಾಡಿದೆ. ಇದಕ್ಕೆ ಒಂದು ಒಳ್ಳೆಯ ನಿದರ್ಶನ ನಮ್ಮ ದೇಶದ ನೆಲದಲ್ಲೇ ಇದೆ.

1906ರಲ್ಲಿ ಅಮೆರಿಕದ ಲಾಸ್ ಏಂಜಲಿಸ್ ನಗರದ ಅಜೂಸಾ ಬೀದಿಯಲ್ಲಿ ದೊಡ್ಡ ಧಾರ್ಮಿಕ ಜಾಗೃತಿಯೊಂದು ಆರಂಭವಾಯಿತು. ಅದರ ಮುಂದಾಳು ವಿಲಿಯಂ ಸೇಮೂರ್, ಗುಲಾಮಗಿರಿಯಿಂದ ಬಿಡುಗಡೆಯಾದ ದಂಪತಿಯ ಮಗ. ಅಲ್ಲಿ ಸೇರಿದವರು ತಾವು ಕಲಿಯದ ಭಾಷೆಗಳಲ್ಲಿ ಮಾತನಾಡತೊಡಗಿದರು. ಪರದೇಶಗಳಲ್ಲಿ ಸುವಾರ್ತೆ ಸಾರಲು ದೇವರೇ ಕೊಟ್ಟ ಭಾಷೆಗಳು ಇವು ಎಂಬುದು ಆಗ ಅನೇಕರ ನಂಬಿಕೆಯಾಗಿತ್ತು. ಅಲ್ಲಿಗೆ ಬಂದಿದ್ದ ಬೋಧಕ ಆಲ್ಫ್ರೆಡ್ ಗಾರ್, ತಮಗೆ ಬಂಗಾಳಿ ದೊರೆತಿದೆ ಎಂದು ನಂಬಿ ಪತ್ನಿ ಲಿಲಿಯನ್ ಅವರೊಡನೆ ಹಡಗು ಹತ್ತಿದರು. 1907ರ ಆರಂಭದ ವೇಳೆಗೆ ಅವರು ಕಲ್ಕತ್ತೆಯಲ್ಲಿದ್ದರು. ಆದರೆ ಅವರಾಡಿದ್ದು ಬಂಗಾಳಿಗಳಿಗೆ ಅರ್ಥವಾಗಲಿಲ್ಲ!

ಗಾರ್ ದಂಪತಿ ತಮ್ಮ ಅನುಭವವನ್ನು ಸುಳ್ಳೆನ್ನಲಿಲ್ಲ. ಅದಕ್ಕೆ ಕೊಟ್ಟಿದ್ದ ಅರ್ಥವನ್ನು ಮಾತ್ರ ಬದಲಿಸಿಕೊಂಡರು. ಅನ್ಯಭಾಷೆ ಪರದೇಶದ ಜನರಿಗೆ ಬೋಧಿಸುವ ಸಾಧನವಲ್ಲ, ಅದು ದೇವರೊಡನೆ ಆಡುವ ಪ್ರಾರ್ಥನೆ ಎಂಬ ನಿಲುವಿಗೆ ಬಂದರು. ಕೊರಿಂಥದವರಿಗೆ ಪೌಲನು ಬರೆದ ಮೊದಲನೆಯ ಪತ್ರಿಕೆಯ 14ನೇ ಅಧ್ಯಾಯ ಈ ಅರ್ಥಕ್ಕೆ ಆಧಾರವಾಗುತ್ತದೆ. ಮುಂದೆ ಹಾಂಗ್‌ಕಾಂಗ್‌ನಲ್ಲಿ ಅವರು ದುಭಾಷಿಯ ನೆರವಿನಿಂದ ಬೋಧಿಸಿದರು.

ಅದೇ ಅಧ್ಯಾಯದಲ್ಲಿ ಇನ್ನೊಂದು ಸೂಚನೆಯೂ ಇದೆ: ಇಬ್ಬರು ಮೂವರು ಪ್ರವಾದಿಸಲಿ, ಮಿಕ್ಕವರು ಅದನ್ನು ವಿವೇಚಿಸಲಿ. ಥೆಸಲೊನೀಕದವರಿಗೆ ಬರೆದ ಮೊದಲ ಪತ್ರಿಕೆ ಪ್ರವಾದನೆಯನ್ನು ಹೀನೈಸಬೇಡಿ ಎಂದು ಹೇಳಿ, ಅದರ ಜೊತೆಯಲ್ಲೇ ಎಲ್ಲವನ್ನೂ ಪರೀಕ್ಷಿಸಿ ಎನ್ನುತ್ತದೆ. ಧರ್ಮೋಪದೇಶಕಾಂಡದ 13ನೇ ಅಧ್ಯಾಯ ಇನ್ನೂ ಕಟ್ಟುನಿಟ್ಟು. ಹೇಳಿದ ಸೂಚನೆ ನಿಜವಾದರೂ, ಅದು ಜನರನ್ನು ಅನ್ಯದೇವತೆಗಳ ಕಡೆಗೆ ಸೆಳೆದರೆ ಅಂಥ ಪ್ರವಾದಿಗೆ ಕಿವಿಗೊಡಕೂಡದು. ಅಂದರೆ ಭವಿಷ್ಯ ಫಲಿಸಿತೆಂಬ ಒಂದೇ ಕಾರಣ ಸಾಲದು.

ಆದರೆ ಎಲ್ಲ ಪ್ರಶ್ನೆಗಳಿಗೂ ಸತ್ಯವೇದದಲ್ಲಿ ನೇರ ಉತ್ತರ ಸಿಗುವುದಿಲ್ಲ. ಕಲ್ಕತ್ತೆಗೆ ಹೋಗಬೇಕೇ ಬೇಡವೇ, ಈ ಹುಡುಗಿಯನ್ನು ಮದುವೆಯಾಗಬೇಕೇ, ಇದ್ದ ನೌಕರಿ ಬಿಡಬೇಕೇ ಎಂದು ಅಲ್ಲಿ ಬರೆದಿಲ್ಲ. ಅಪೊಸ್ತಲರ ಕೃತ್ಯಗಳು 21ನೇ ಅಧ್ಯಾಯದ ಪ್ರಸಂಗ ಇಲ್ಲಿ ಬೆಳಕು ಚೆಲ್ಲುತ್ತದೆ. ಯೆರೂಸಲೇಮಿನಲ್ಲಿ ಪೌಲನಿಗೆ ಸೆರೆ ಕಾದಿದೆ ಎಂದು ಅಗಬನೆಂಬ ಪ್ರವಾದಿ ಪೌಲನ ನಡುಕಟ್ಟಿನಿಂದ ತನ್ನದೇ ಕೈಕಾಲು ಕಟ್ಟಿಕೊಂಡು ತೋರಿಸಿದ. ಹೋಗಬೇಡಿರೆಂದು ಗೆಳೆಯರು ಅತ್ತು ಬೇಡಿಕೊಂಡರು. ಪೌಲ ಹೊರಟೇಬಿಟ್ಟ, ಸೆರೆಯೂ ಆಯಿತು. ಮುನ್ಸೂಚನೆ ಆತ್ಮನದು, 'ಹೋಗಬೇಡ' ಎಂಬ ತೀರ್ಮಾನ ಗೆಳೆಯರ ಪ್ರೀತಿಯದು ಎಂದು ಅನೇಕರು ಇದನ್ನು ವಿವರಿಸುತ್ತಾರೆ. ಆದ್ದರಿಂದಲೇ ದರ್ಶನ, ಅದರ ಅರ್ಥ, ಅದರ ಅನ್ವಯ ಈ ಮೂರನ್ನೂ ಬೇರೆಬೇರೆಯಾಗಿ ತೂಗಬೇಕು ಎನ್ನುವುದು ಹಲವು ಕರಿಸ್ಮ್ಯಾಟಿಕ್ ಬೋಧಕರ ಸಲಹೆ.

ಕರ್ನಾಟಕದ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರನ್ನೂ ಇಲ್ಲಿ ನೆನೆಯಬೇಕು. ಪುಣೆ ಬಳಿಯ ಕೇಡಗಾಂವ್‌ನ ಅವರ ಮುಕ್ತಿ ಸದನದಲ್ಲಿ ಅಜೂಸಾಕ್ಕಿಂತ ಮೊದಲೇ, 1905ರಲ್ಲಿ, ಇಂಥದೇ ಜಾಗೃತಿ ಉಂಟಾಗಿತ್ತು. ಅದನ್ನು ಮನಸಾರೆ ಸ್ವಾಗತಿಸಿದ ರಮಾಬಾಯಿ, ಹೀಬ್ರೂ ಮತ್ತು ಗ್ರೀಕ್ ಮೂಲದಿಂದ ಸತ್ಯವೇದವನ್ನು ಸರಳ ಮರಾಠಿಗೆ ತರಲು 1922ರಲ್ಲಿ ತೀರಿಕೊಳ್ಳುವವರೆಗೂ ದುಡಿದರು. ಆತ್ಮದ ಅನುಭವ ಇದ್ದಮೇಲೆ ಗ್ರಂಥವೇಕೆ ಎಂದು ಅವರು ಕೇಳಲಿಲ್ಲ. ಆಶ್ರಮದ ಹೆಣ್ಣುಮಕ್ಕಳೂ ತಾವಾಗಿಯೇ ಓದಿ ತಿಳಿಯುವಂತಾಗಲಿ ಎಂಬುದೇ ಅವರ ಕಾಳಜಿ.

ಈ ಕಾಳಜಿಯೇ ಇಡೀ ವಿಷಯದ ತಿರುಳು. ಗ್ರಂಥವನ್ನು ಓದಬಲ್ಲವರು ಬೋಧಕರನ್ನು ಪ್ರಶ್ನಿಸಬಲ್ಲರು. ಗಾರ್ ಅವರ ಬಂಗಾಳಿಯನ್ನು ಪರೀಕ್ಷಿಸಲು ಕಲ್ಕತ್ತೆಯ ಬೀದಿ ಇತ್ತು. ಆದರೆ 'ಮದ್ದು ನಿಲ್ಲಿಸು', 'ಉಳಿತಾಯವನ್ನೆಲ್ಲ ಕಾಣಿಕೆಯಾಗಿ ಕೊಡು' ಎಂಬಂಥ ಮಾತು ದೇವರ ಹೆಸರಿನಲ್ಲಿ ಬಂದಾಗ, ಪರೀಕ್ಷೆ ನಡೆಯಬೇಕಾದದ್ದು ಕೇಡಾದ ಮೇಲಲ್ಲ, ಅದಕ್ಕೆ ಮೊದಲು. 'ತಾಳಿ, ಇದನ್ನು ಕೂಡಿ ವಿಚಾರಿಸೋಣ' ಎನ್ನುವ ಧೈರ್ಯ ಸಭೆಯ ಕಟ್ಟಕಡೆಯ ಸಾಲಿನಲ್ಲಿ ಕುಳಿತವರಿಗೂ ಇರಬೇಕು. ಪೌಲನ ಪತ್ರಿಕೆ ವಿವೇಚಿಸುವ ಹೊಣೆಯನ್ನು ಒಬ್ಬ ಮುಖಂಡನಿಗೆ ಬಿಟ್ಟಿಲ್ಲ, 'ಮಿಕ್ಕವರಿಗೆ' ಒಪ್ಪಿಸಿದೆ.