ಬಿಚ್ಚುವ ಮೊದಲು ಅಳೆಯಿರಿ
(ಹಳೆಯ ಬೈಕುಗಳ ಕಂಪ್ರೆಶನ್ ಪರೀಕ್ಷೆಯ ಕುರಿತು ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹರೂಪ)



ನಿಮ್ಮಲ್ಲಿ ಕೆಲವರು ಐ.ಟಿ.ಐ.ಯಲ್ಲಿ ಓದುತ್ತಿದ್ದೀರಿ, ಕೆಲವರು ಡಿಪ್ಲೊಮಾದಲ್ಲಿ. ಇನ್ನು ಕೆಲವರು ತರಗತಿ ಮುಗಿಸಿ ಸಂಜೆ ಅಣ್ಣನ ಅಥವಾ ಮಾವನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿಯುವವರು. ಸದಸ್ಯರಲ್ಲಿ ಹಲವರ ಮನೆಯಂಗಳದಲ್ಲಿ ತಂದೆಯ ಕಾಲದ ಬುಲೆಟ್ಟೋ ಯೆಜ್ಡಿಯೋ ಇಂದಿಗೂ ನಿಂತಿದೆ. ಆದುದರಿಂದ ಇಂದು ಅರ್ಧ ಗಂಟೆಯಲ್ಲಿ ಮುಗಿಯುವ ಒಂದು ಸಣ್ಣ ಪರೀಕ್ಷೆಯ ಬಗ್ಗೆ ಮಾತ್ರ ಮಾತನಾಡುತ್ತೇನೆ.

ಹಳೆಯ ಗಾಡಿ ಗ್ಯಾರೇಜಿಗೆ ಬರುತ್ತದೆ. "ಪಿಕಪ್ ಇಲ್ಲ, ಏರಿನಲ್ಲಿ ಎಳೆಯುವುದಿಲ್ಲ" ಎನ್ನುತ್ತಾರೆ ಮಾಲೀಕರು. ಎರಡು ಸಲ ಕಿಕ್ ಹೊಡೆದು ನೋಡಿದ ಮೇಸ್ತ್ರಿ, "ಕಂಪ್ರೆಶನ್ ಹೋಗಿದೆ, ಬೋರ್ ಮಾಡಿಸಬೇಕು" ಎನ್ನುತ್ತಾರೆ. ಆ ಮಾತು ನಿಜವಿರಬಹುದು. ಆದರೆ ಬೋರ್ ಮಾಡುವುದೆಂದರೆ ಲೇತ್ ಅಂಗಡಿಯಲ್ಲಿ ಸಿಲಿಂಡರಿನ ಒಳಗೋಡೆಯನ್ನು ಕೊರೆದು ದೊಡ್ಡದು ಮಾಡುವುದು. ಕೊರೆದ ಲೋಹ ಮತ್ತೆ ಅಂಟುವುದಿಲ್ಲ. ಓವರ್‌ಸೈಜ್ ಪಿಸ್ಟನ್‌ಗಳು ಎಣಿಸಿದಷ್ಟೇ ಇವೆ; ಅವು ಮುಗಿದ ಮೇಲೆ ಹೊಸ ಸ್ಲೀವ್ ಹಾಕಿಸಬೇಕು. ದಿನಗೂಲಿಯ ಮನುಷ್ಯನಿಗೆ ಇದು ತಿಂಗಳ ದುಡಿಮೆಯ ಪ್ರಶ್ನೆ. ಇಷ್ಟು ದೊಡ್ಡ ತೀರ್ಮಾನವನ್ನು ಕಾಲಿನ ಅಂದಾಜಿಗೆ ಬಿಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಸ್ವಲ್ಪ ಲೆಕ್ಕ. ಹಳೆಯ ಎರಕದ ಕಬ್ಬಿಣದ ಸಿಲಿಂಡರಿನ ಬುಲೆಟ್ 350ರಲ್ಲಿ ಬೋರ್ 70 ಮಿಲಿಮೀಟರ್, ಸ್ಟ್ರೋಕ್ 90 ಮಿಲಿಮೀಟರ್. ಗುಣಿಸಿ ನೋಡಿದರೆ ಪಿಸ್ಟನ್ ಓಡಾಡುವ ಜಾಗ 346 ಸಿ.ಸಿ. ಬರುತ್ತದೆ. ಕಂಪ್ರೆಶನ್ ಅನುಪಾತ ಮಾದರಿಯಿಂದ ಮಾದರಿಗೆ ಬೇರೆ. ನಮ್ಮ ಲೆಕ್ಕಕ್ಕೆ 6.5 ಎಂದು ಇಟ್ಟುಕೊಳ್ಳೋಣ. ಆಗ ಪಿಸ್ಟನ್ ತುದಿಗೆ ಬಂದಾಗ ಮೇಲೆ ಉಳಿಯುವ ಜಾಗ ಸುಮಾರು 63 ಸಿ.ಸಿ. ಅಂದರೆ 409 ಸಿ.ಸಿ.ಯಲ್ಲಿದ್ದ ಗಾಳಿ 63 ಸಿ.ಸಿ.ಗೆ ಅದುಮಲ್ಪಡುತ್ತದೆ. ಈ 63ನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗಾಳಿಯ ಒತ್ತಡ 14.7 ಪೌಂಡ್, ಅದನ್ನು 6.5ರಿಂದ ಗುಣಿಸಿದರೆ ಗೇಜಿನ ಅಂಕಿ ಸಿಗುತ್ತದೆಯಲ್ಲವೇ ಎಂದು ಬುದ್ಧಿವಂತ ವಿದ್ಯಾರ್ಥಿಗಳು ಕೇಳುತ್ತಾರೆ. ಸಿಗುವುದಿಲ್ಲ. ಅದುಮಿದ ಗಾಳಿ ಬಿಸಿಯಾಗಿ ಒತ್ತಡ ಇನ್ನೂ ಏರುತ್ತದೆ. ಇತ್ತ ಇನ್‌ಲೆಟ್ ವಾಲ್ವ್ ತಡವಾಗಿ ಮುಚ್ಚುವುದರಿಂದ ಸ್ವಲ್ಪ ಗಾಳಿ ಹಿಂದಕ್ಕೂ ಹೋಗುತ್ತದೆ. ಆದ್ದರಿಂದ ಕಂಪನಿಯ ಸರ್ವಿಸ್ ಪುಸ್ತಕದ ಅಂಕಿಯೇ ಆಧಾರ. ಅದು ಸಿಗದಿದ್ದರೆ ಅದೇ ಮಾದರಿಯ ಆರೋಗ್ಯವಂತ ಗಾಡಿಯನ್ನು ಅದೇ ಗೇಜಿನಲ್ಲಿ ಅಳೆದಿಟ್ಟುಕೊಳ್ಳಿ.

ಈಗ ಪರೀಕ್ಷೆ. ಟ್ಯಾಪೆಟ್ ಸರಿಯಿದೆಯೇ ಎಂದು ಎಂಜಿನ್ ತಣ್ಣಗಿರುವಾಗಲೇ ನೋಡಿ. ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚದಿದ್ದರೆ ಮುಂದಿನದೆಲ್ಲ ವ್ಯರ್ಥ. ಬಳಿಕ ಗಾಡಿಯನ್ನು ಐದು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ. ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ಗೆ ತಂದು, ಕೀ ತೆಗೆದು, ಪೆಟ್ರೋಲ್ ನಲ್ಲಿ ಮುಚ್ಚಿ. ಪ್ಲಗ್ ಬಿಚ್ಚಿ ಅದೇ ತೂತಿಗೆ ಗೇಜು ಕೂರಿಸಿ. ಗೇಜಿನ ತಿರುಪು ಪ್ಲಗ್ಗಿನ ತಿರುಪಿಗಿಂತ ಉದ್ದವಾಗಿ ಒಳಗೆ ಇಳಿಯಬಾರದು, ಪಿಸ್ಟನ್ ಅಥವಾ ವಾಲ್ವಿಗೆ ತಾಗೀತು. ಆಮೇಲೆ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಹಿಡಿಯಬೇಕು. ಹುಡುಗರು ಹೆಚ್ಚಾಗಿ ತಪ್ಪುವುದು ಇಲ್ಲೇ. ಕಾರ್ಬ್ಯುರೇಟರ್ ಮುಚ್ಚಿದ್ದರೆ ಒಳಗೆ ಗಾಳಿಯೇ ಹೋಗುವುದಿಲ್ಲ, ಒಳ್ಳೆಯ ಎಂಜಿನ್ ಕೂಡ ರೋಗಿಯಂತೆ ಕಾಣುತ್ತದೆ. ಮುಳ್ಳು ಮೇಲೇರುವುದು ನಿಲ್ಲುವವರೆಗೆ ಬಲವಾಗಿ ಕಿಕ್ ಹೊಡೆಯಿರಿ, ಆರೇಳು ಕಿಕ್ ಸಾಕು. ಅಂಕಿಯನ್ನು ಬರೆದುಕೊಳ್ಳಿ.

ಅಂಕಿ ಕಡಿಮೆ ಬಂತು ಎನ್ನಿ. ಸೋರಿಕೆ ಇದೆ ಎಂದಷ್ಟೇ ಗೊತ್ತಾಯಿತು. ಎಲ್ಲಿ ಎಂದು ಗೊತ್ತಾಗಲಿಲ್ಲ. ಅದಕ್ಕಾಗಿ ಪ್ಲಗ್ ತೂತಿನಲ್ಲಿ ಒಂದು ಟೀ ಚಮಚ, ಅಂದರೆ 5 ಮಿ.ಲೀ.ಯಷ್ಟು ಎಂಜಿನ್ ಆಯಿಲ್ ಬಿಟ್ಟು, ಅದು ಹರಡುವಂತೆ ಮೆಲ್ಲನೆ ಎರಡು ಕಿಕ್ ಕೊಟ್ಟು, ಮತ್ತೆ ಅಳೆಯಿರಿ. ಆಯಿಲ್ ರಿಂಗಿನ ಸಂದುಗಳನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ಮುಳ್ಳು ಚೆನ್ನಾಗಿ ಮೇಲೆದ್ದರೆ ದೋಷ ರಿಂಗ್ ಅಥವಾ ಬೋರಿನದು. ಏಳದಿದ್ದರೆ ವಾಲ್ವ್, ಹೆಡ್ ಗ್ಯಾಸ್ಕೆಟ್ ಅಥವಾ ಬೇರೆ ಕಡೆ ಹುಡುಕಬೇಕು.

ಇಲ್ಲಿ ಆ 63ಕ್ಕೆ ಬರೋಣ. 5 ಮಿ.ಲೀ. ಆಯಿಲ್ ಕುಳಿತರೆ ಮೇಲಿನ ಜಾಗ 58 ಸಿ.ಸಿ. ಆಯಿತು, ಅನುಪಾತ 6.5ರಿಂದ ಹೆಚ್ಚುಕಡಿಮೆ 7ಕ್ಕೆ ಏರಿತು. ಅಂದರೆ ಏನೂ ದೋಷವಿಲ್ಲದ ಎಂಜಿನ್ನಿನಲ್ಲೂ ಮುಳ್ಳು ಸ್ವಲ್ಪ ಮೇಲೇರುತ್ತದೆ. ಹತ್ತು ಪೌಂಡ್ ಏರಿತೆಂದು ಕೂಡಲೇ ರಿಂಗಿನ ಮೇಲೆ ಆರೋಪ ಹೊರಿಸಬೇಡಿ. ಆಯಿಲ್ ಇನ್ನೂ ಹೆಚ್ಚು ಸುರಿದರೆ ಪರೀಕ್ಷೆಯೇ ಸುಳ್ಳು ಹೇಳುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ನನ್ನ ಪರಿಚಯದ ಹಿರಿಯರೊಬ್ಬರ ಬುಲೆಟ್ಟಿಗೆ ಬೋರ್ ಮಾಡಿಸಲೇಬೇಕೆಂದು ಒಂದು ಗ್ಯಾರೇಜಿನಲ್ಲಿ ಹೇಳಿದ್ದರು. ಹಣ ಹೊಂದಿಸುತ್ತಿದ್ದರು ಪಾಪ. "ಕಾಕಾ, ಒಂದು ದಿನ ತಡೆಯಿರಿ" ಎಂದು ಗಾಡಿ ತರಿಸಿ ಅಳೆದೆ. ಒಣಗಿದ್ದಾಗ 55 ಪೌಂಡ್, ಆಯಿಲ್ ಬಿಟ್ಟ ಮೇಲೆ 60. ಹಾಗಾದರೆ ಬೋರ್ ಅಲ್ಲ. ಹಳೆಯ ಬುಲೆಟ್ಟಿನ ಎಡ ಹ್ಯಾಂಡಲಿನಲ್ಲಿ ಡಿಕಂಪ್ರೆಸರ್ ಎಂಬ ಪುಟ್ಟ ಲಿವರ್ ಇರುವುದು ನಿಮಗೆ ಗೊತ್ತು. ಅದನ್ನು ಒತ್ತಿದರೆ ಹೆಡ್ಡಿನಲ್ಲಿರುವ ಸಣ್ಣ ವಾಲ್ವ್ ತೆರೆದು ಗಾಳಿ ಹೊರಬಿಡುತ್ತದೆ, ಕಿಕ್ ಹಗುರವಾಗುತ್ತದೆ. ಯಾರೋ ಹೊಸ ಕೇಬಲ್ ಹಾಕುವಾಗ ಎಳೆದು ಕಟ್ಟಿದ್ದರಿಂದ ಆ ವಾಲ್ವ್ ಸದಾ ಕೂದಲೆಳೆಯಷ್ಟು ತೆರೆದೇ ಇತ್ತು! ಕೇಬಲ್ ಸಡಿಲಿಸಿ, ಆಯಿಲ್ ಉರಿದುಹೋಗುವಂತೆ ಒಂದು ಸುತ್ತು ಓಡಿಸಿ ಮತ್ತೆ ಅಳೆದಾಗ 95 ಬಂತು. ಆ ಬೋರಿಗೆ ಅನಂತರವೂ ಯಾರೂ ಕೈಹಾಕಬೇಕಾಗಲಿಲ್ಲ.

ಪಂಕ್ಚರ್ ಅಂಗಡಿಯ ಗಾಳಿಯನ್ನು ಪ್ಲಗ್ ತೂತಿನ ಮೂಲಕ ಮೆಲ್ಲನೆ ಬಿಟ್ಟು ಕಿವಿಗೊಡುವ ಇನ್ನೊಂದು ಕ್ರಮವಿದೆ. ಪಿಸ್ಟನ್ ಕಂಪ್ರೆಶನ್ ತುದಿಯಲ್ಲಿರಬೇಕು. ಇಲ್ಲದಿದ್ದರೆ ಎಂಜಿನ್ ತಟ್ಟನೆ ತಿರುಗೀತು, ಕೈ ಜೋಪಾನ. ಕಾರ್ಬ್ಯುರೇಟರಿನಲ್ಲಿ ಬುಸುಗುಟ್ಟಿದರೆ ಇನ್‌ಲೆಟ್ ವಾಲ್ವ್; ಸೈಲೆನ್ಸರಿನಲ್ಲಾದರೆ ಎಕ್ಸಾಸ್ಟ್ ವಾಲ್ವ್ ಅಥವಾ ಇದೇ ಡಿಕಂಪ್ರೆಸರ್; ಕ್ರ್ಯಾಂಕ್‌ಕೇಸಿನ ಉಸಿರುಕೊಳವೆಯಲ್ಲಾದರೆ ರಿಂಗ್. ಹೆಡ್ಡಿನ ಸುತ್ತ ಸೋಪಿನ ನೀರು ಹಚ್ಚಿದರೆ ಗ್ಯಾಸ್ಕೆಟ್ ಸೋರಿಕೆ ಗುಳ್ಳೆಯಾಗಿ ಕಾಣುತ್ತದೆ. ವಾಲ್ವ್ ಎಂದು ಖಚಿತವಾದರೆ ಹೆಡ್ ಮಾತ್ರ ಬಿಚ್ಚಿ ಪೇಸ್ಟ್ ಹಾಕಿ ಉಜ್ಜಿದರೆ ಎಷ್ಟೋ ಸಲ ಸಾಕಾಗುತ್ತದೆ.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇಕಡಾ 12-13ರಷ್ಟು ಕಡಿಮೆ. ಮಂಗಳೂರಿನಲ್ಲಿ 110 ತೋರಿಸಿದ ಗಾಡಿ ಅಲ್ಲಿ 96ರ ಆಸುಪಾಸಿನಲ್ಲಿ ನಿಂತರೆ ಗಾಡಿ ಕೆಟ್ಟಿಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರ ಯೆಜ್ಡಿಗಳು ಇನ್ನೂ ಓಡುತ್ತಿವೆ. ಕಿಕ್ಕರೂ ಗೇರ್ ಲಿವರೂ ಒಂದೇ ಆದ ಆ ಗಾಡಿ ಟೂ-ಸ್ಟ್ರೋಕ್. ಅಲ್ಲಿ ಬುಲೆಟ್ಟಿನಂತಹ ವಾಲ್ವುಗಳಿಲ್ಲ, ಆದ್ದರಿಂದ ಆಯಿಲ್ ಪರೀಕ್ಷೆಯಿಂದ ಹೆಚ್ಚು ತಿಳಿಯುವುದಿಲ್ಲ. ಇನ್ನೊಂದು ತೊಡಕಿದೆ. ಟೂ-ಸ್ಟ್ರೋಕಿನಲ್ಲಿ ಗಾಳಿ ಎರಡು ಕಡೆ ಅದುಮಲ್ಪಡುತ್ತದೆ, ಪಿಸ್ಟನ್ ಮೇಲೆ ಒಮ್ಮೆ, ಕೆಳಗೆ ಕ್ರ್ಯಾಂಕ್‌ಕೇಸಿನಲ್ಲಿ ಒಮ್ಮೆ. ಗೇಜು ಮೇಲಿನದನ್ನು ಮಾತ್ರ ತೋರಿಸುತ್ತದೆ. ಅಂಕಿ ಚೆನ್ನಾಗಿದ್ದೂ ಗಾಡಿ ಎಳೆಯದಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲುಗಳನ್ನು ನೋಡಿ.

ಗೇಜಿನ ಡಬ್ಬಿಯಲ್ಲೇ ಒಂದು ಸಣ್ಣ ನೋಟು ಪುಸ್ತಕ ಇಡಿ. ಗಾಡಿಯ ನಂಬರು, ತಾರೀಖು, ಊರು, ಎಂಜಿನ್ ಬಿಸಿಯೋ ತಣ್ಣಗೋ, ಒಣ ಅಂಕಿ, ಆಯಿಲ್ ಬಿಟ್ಟ ಮೇಲಿನ ಅಂಕಿ, ಇಷ್ಟು ಬರೆದರೆ ಸಾಕು. ಬರೆದ ಪುಟವನ್ನು ಮಾಲೀಕರಿಗೂ ತೋರಿಸಿ. ಮುಂದಿನ ವರ್ಷ ಅದೇ ಗಾಡಿ ಬಂದಾಗ ಅದೇ ಗೇಜಿನಲ್ಲಿ ಅಳೆದು ಪಕ್ಕದಲ್ಲೇ ಹೊಸ ಅಂಕಿ ಬರೆಯಿರಿ.