ಹೊಳೆಯುವ ಹಲಗೆಯ ಹೊಟ್ಟೆಯಲ್ಲೇನಿದೆ?

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ)



ಮುಂಬೈಯ ಯಾವುದೇ ಉಪನಗರದ ಸ್ಟೇಷನ್ ರಸ್ತೆಯಲ್ಲಿ ಒಮ್ಮೆ ತಲೆ ಎತ್ತಿ ನೋಡಿ. ಬ್ಯಾಂಕು, ಆಸ್ಪತ್ರೆ, ಕೋಚಿಂಗ್ ಕ್ಲಾಸು, ನಮ್ಮವರ ಉಡುಪಿ ಹೋಟೆಲು, ಎಲ್ಲದರ ಮುಖಕ್ಕೂ ನುಣುಪಾದ, ಹೊಳೆಯುವ ಹಲಗೆ. ಇದನ್ನು ಎಸಿಪಿ ಎನ್ನುತ್ತಾರೆ, ಅಂದರೆ ಅಲ್ಯೂಮಿನಿಯಂ ಕಾಂಪೊಸಿಟ್ ಪ್ಯಾನೆಲ್. ನಿಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಇವತ್ತಲ್ಲ ನಾಳೆ ಇದರ ಕೊಟೇಶನ್ ಬಂದೇ ಬರುತ್ತದೆ. ಕಟ್ಟಡ ಕೆಲಸದಲ್ಲೇ ತಲೆ ನರೆತ ಎಂಜಿನಿಯರ್ ನಾನು. ಆ ಕೊಟೇಶನ್ ಓದುವುದು ಹೇಗೆ ಎಂದು ನಾಲ್ಕು ಮಾತು ಹೇಳುತ್ತೇನೆ.

ಈಚೆಗೆ ನಮ್ಮ ಊರ ಕಡೆಯ ಹೋಟೆಲ್ ಮಾಲೀಕರೊಬ್ಬರು ಎರಡು ಕೊಟೇಶನ್ ಹಿಡಿದು ಮನೆಗೆ ಬಂದರು. ಗಣೇಶ ಚೌತಿಯ ಮೊದಲು ಹೋಟೆಲಿನ ಮುಂಭಾಗ ಹೊಸದಾಗಬೇಕಿತ್ತು. "ಎಂಜಿನಿಯರ್ರೇ, ಶೀಟು ಶೀಟೇ ಅಲ್ವಾ ಮಾರಾಯ್ರೆ? ಕಮ್ಮಿ ರೇಟಿನವನಿಗೇ ಕೊಡುವುದಲ್ವಾ?" ಎಂದರು. ಎರಡೂ ಕಡೆಯಿಂದ ಅಂಗೈಯಗಲದ ತುಂಡು ತರಿಸಿ ಎಂದೆ. ತಂದರು. ಮೇಲಿನಿಂದ ನೋಡಿದರೆ ಎರಡೂ ಅವಳಿ ಮಕ್ಕಳಂತಿದ್ದವು. ವ್ಯತ್ಯಾಸ ಇದ್ದದ್ದು ಹೊಟ್ಟೆಯಲ್ಲಿ.

ಸಾಮಾನ್ಯ ಎಸಿಪಿ 4 ಮಿಲಿಮೀಟರ್ ದಪ್ಪ. ಎರಡೂ ಬದಿಗೆ ಅರ್ಧ ಮಿಲಿಮೀಟರ್, ಕೆಲವೊಮ್ಮೆ ಅದಕ್ಕಿಂತಲೂ ತೆಳುವಾದ ಅಲ್ಯೂಮಿನಿಯಂ ತಗಡು. ನಡುವೆ ಇರುವುದೇ ತಿರುಳು. ಅಗ್ಗದ ಹಲಗೆಯಲ್ಲಿ ಈ ತಿರುಳು ಪಾಲಿಎಥಿಲೀನ್, ಅಂದರೆ ತರಕಾರಿ ತರುವ ಪ್ಲಾಸ್ಟಿಕ್ ಚೀಲದ ಜಾತಿಯದೇ. ತೂಕಕ್ಕೆ ತೂಕ ಹಿಡಿದರೆ ಅದು ಉರಿಯುವಾಗ ಬರುವ ಶಾಖ ಪೆಟ್ರೋಲಿನದಕ್ಕೆ ಹೆಚ್ಚುಕಡಿಮೆ ಸಮ. ಎಫ್‌ಆರ್ ಹಲಗೆಯಲ್ಲಿ ತಿರುಳಿನ ಹೆಚ್ಚಿನ ಪಾಲು ಖನಿಜದ ಪುಡಿ. ಎ2 ದರ್ಜೆಯದರಲ್ಲಿ ಸುಮಾರು ನೂರಕ್ಕೆ 90 ಪಾಲು ಖನಿಜ, ಪ್ಲಾಸ್ಟಿಕ್ ಬರೀ ಅಂಟಿನಷ್ಟು.

2017ರ ಜೂನ್ 14ರ ನಡುರಾತ್ರಿಯ ಹೊತ್ತು ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ 24 ಅಂತಸ್ತಿನ ವಸತಿ ಕಟ್ಟಡದ ನಾಲ್ಕನೆಯ ಮಹಡಿಯ ಅಡುಗೆಮನೆಯಲ್ಲಿ ಫ್ರಿಜ್ಜಿನಿಂದ ಬೆಂಕಿ ಎದ್ದಿತು. ಒಂದು ಅಡುಗೆಮನೆಯಲ್ಲೇ ಮುಗಿಯಬೇಕಾಗಿದ್ದ ಬೆಂಕಿ ಕಿಟಕಿಯಿಂದ ಹೊರಬಂದು ಹೊರಮೈಯ ಹಲಗೆಗೆ ಹತ್ತಿ, ಕಟ್ಟಡದ ತುದಿಗೇರಿತು. 72 ಜನ ಸತ್ತರು. ಬೆಂಕಿ ಹಾಗೆ ಹಬ್ಬಲು ಮುಖ್ಯ ಕಾರಣ ಪಾಲಿಎಥಿಲೀನ್ ತಿರುಳಿನ ಹಲಗೆಗಳೇ ಎಂದು ತನಿಖೆಯ 2019ರ ವರದಿ ಹೇಳಿತು. ಬಿಸಿಲ ನಾಡಾದ ದುಬೈಯಲ್ಲೂ 2015ರ ಡಿಸೆಂಬರ್ 31ರ ರಾತ್ರಿ ಒಂದು ಎತ್ತರದ ಹೋಟೆಲು ಹೊರಮೈಯುದ್ದಕ್ಕೂ ಉರಿದದ್ದನ್ನು ನೀವು ಟಿ.ವಿ.ಯಲ್ಲಿ ನೋಡಿರಬಹುದು.

"ನಮ್ಮದು ಎರಡೇ ಮಾಳಿಗೆ" ಎಂದರು ನಮ್ಮ ಮಾಲೀಕರು. ನಿಜ. ಆದರೆ ಕೆಳಗೆ ಭಟ್ಟಿ ಉರಿಯುತ್ತದೆ. ಬೋರ್ಡಿನ ದೀಪದ ವೈರು ಅದೇ ಹಲಗೆಯ ಹಿಂದೆ ಹೋಗುತ್ತದೆ. ಮೇಲಿನ ಕೋಣೆಯಲ್ಲಿ ಊರಿನಿಂದ ಬಂದ ಹತ್ತು ಹುಡುಗರು ಮಲಗುತ್ತಾರೆ. ಇದನ್ನು ಹೇಳಿದಾಗ ಅವರು ಸುಮ್ಮನಾದರು.

ಇನ್ನು ಬಿಸಿಲಿನ ಮಾತು. ಎಸಿಪಿ ಹಾಕಿದರೆ ಒಳಗೆ ತಂಪು ಎಂದು ಮಾರುವವರು ಹೇಳುತ್ತಾರೆ. 4 ಮಿಲಿಮೀಟರ್ ಹಲಗೆ ತಾನಾಗಿ ಶಾಖವನ್ನು ತಡೆಯುವುದು ಅತ್ಯಲ್ಪ. ತಂಪು ಕೊಡುವುದು ಹಲಗೆಯ ನೆರಳು ಮತ್ತು ಅದರ ಹಿಂದೆ ಗಾಳಿ ಆಡುವ ಸಂದು. ಆದರೆ ಬೆಂಕಿ ಬಿದ್ದಾಗ ಅದೇ ಸಂದು ಹೊಗೆ ಕೊಳವೆಯಾಗುತ್ತದೆ. ಆದ್ದರಿಂದ ಪ್ರತಿ ಮಹಡಿಗೂ ಅಲ್ಲಿ ಬೆಂಕಿ ತಡೆಯುವ ಅಡ್ಡಪಟ್ಟಿ ಇರಬೇಕು. ಶಾಖ ತಡೆಯಲು ಒಳಗೆ ಏನಾದರೂ ತುಂಬುವುದಾದರೆ ರಾಕ್‌ವೂಲ್ ತುಂಬಿಸಿ. ಥರ್ಮೊಕೋಲ್ ಬೇಡವೇ ಬೇಡ.

ಬಣ್ಣ ತಿಳಿಯಾಗಿರಲಿ. ಪಶ್ಚಿಮದ ಗೋಡೆಗೆ ಕಪ್ಪು ಹಲಗೆ ಹಾಕಿದರೆ ಬೇಸಗೆಯ ಮಧ್ಯಾಹ್ನ ಅದರ ಮೈ 70 ಡಿಗ್ರಿ ಮುಟ್ಟಬಹುದು. ಅಲ್ಯೂಮಿನಿಯಂ ಕಾದರೆ ಹಿಗ್ಗುತ್ತದೆ. 3 ಮೀಟರ್ ಉದ್ದದ ಹಲಗೆ 50 ಡಿಗ್ರಿ ಏರಿಳಿತಕ್ಕೆ ಸುಮಾರು ಮೂರೂವರೆ ಮಿಲಿಮೀಟರ್ ಬೆಳೆಯುತ್ತದೆ. ಆ ಬೆಳವಣಿಗೆಗೆ ಜಾಗ ಬಿಡದೆ ಬಿಗಿದರೆ ಹಲಗೆ ಹಪ್ಪಳದಂತೆ ಉಬ್ಬುತ್ತದೆ, ಸಂದಿನ ಸಿಲಿಕೋನ್ ಹರಿಯುತ್ತದೆ. ಅಲ್ಲಿಂದ ಮಳೆಗಾಲದ ನೀರು ಒಳಗೆ. ಲೇಪನ ಯಾವುದು ಎಂದೂ ಕೇಳಿ. ಹೊರಗೋಡೆಗೆ ಬೇಕಾದದ್ದು ಪಿವಿಡಿಎಫ್ ಲೇಪನ. ಪಾಲಿಯೆಸ್ಟರ್ ಲೇಪನ ಒಳಾಂಗಣಕ್ಕೆ ಸರಿ, ಬಿಸಿಲಿಗೆ ಬೇಗ ಮಂಕಾಗುತ್ತದೆ.

ಮುಂಬೈ, ಚೆನ್ನೈನಂಥ ಕಡಲೂರುಗಳಲ್ಲಿ ಇನ್ನೊಂದು ಕಾಟವಿದೆ. ಉಪ್ಪುಗಾಳಿಯಲ್ಲಿ ಅಲ್ಯೂಮಿನಿಯಂಗೆ ಕಬ್ಬಿಣ ತಾಗಿಕೊಂಡಿದ್ದರೆ ಸವೆತ ಬೇಗ. ಚೌಕಟ್ಟು ಅಲ್ಯೂಮಿನಿಯಂದೇ ಇರಲಿ, ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದಿರಲಿ. ಹಲಗೆಗಿಂತ ಮೊದಲು ಕಳಚಿ ಬೀಳುವುದು ಅದರ ಹಿಂದಿನ ತುಕ್ಕು ಹಿಡಿದ ಕಬ್ಬಿಣ.

ಮತ್ತೊಂದು, ಚಂದಕ್ಕೆಂದು ಕಿಟಕಿಗಳನ್ನು ಮುಚ್ಚಬೇಡಿ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ದುರಂತದಲ್ಲಿ 9 ಜನ ಸತ್ತರು. ಹೊಗೆಯಲ್ಲಿ ಸಿಕ್ಕಿಬಿದ್ದವರು ಗಾಜು ಒಡೆದು ಹಾರಿದರು. ಅಲ್ಲಿಯ ಸಮಸ್ಯೆ ಎಸಿಪಿ ಆಗಿರಲಿಲ್ಲ. ಆದರೆ ಹೊಗೆ ಹೊರಹೋಗದ, ಮನುಷ್ಯ ಹೊರಬರಲಾಗದ ಕಟ್ಟಡ ಎಂದರೇನು ಎಂಬುದನ್ನು ಆ ದಿನ ತೋರಿಸಿತು.

ಇಷ್ಟೆಲ್ಲ ಉಪದೇಶ ಮಾಡುವ ನಾನು ಒಂದು ತಪ್ಪೊಪ್ಪಿಗೆ ಮಾಡಬೇಕು. ಬಹಳ ವರ್ಷಗಳ ಹಿಂದೆ ಒಂದು ಆಫೀಸ್ ಕಟ್ಟಡದ ಹಲಗೆಗೆ ಒಪ್ಪಿಗೆಯ ಸಹಿ ಹಾಕಿದವನು ನಾನೇ. ಬಣ್ಣ ಕೇಳಿದೆ, ರೇಟು ಕೇಳಿದೆ, ತಿರುಳು ಏನೆಂದು ಕೇಳಲಿಲ್ಲ. ಮೂರು ಬೇಸಗೆಗೆ ಬಣ್ಣ ಹಾರಿತು, ಅದು ದೊಡ್ಡದಲ್ಲ. 2017ರಲ್ಲಿ ಲಂಡನ್ನಿನ ಸುದ್ದಿ ಓದಿದ ಮೇಲೆ ನಿದ್ದೆ ಬರಲಿಲ್ಲ. ಹೋಗಿ ಮಾಲೀಕರಿಗೆ ಹೇಳಿದೆ, ಲಿಖಿತವಾಗಿಯೂ ಕೊಟ್ಟೆ. "ಇಷ್ಟು ವರ್ಷ ಏನಾಗಿಲ್ಲವಲ್ಲ" ಎಂದರು. ಹಲಗೆಗಳು ಇಂದಿಗೂ ಅಲ್ಲೇ ಇವೆ. ಆ ರಸ್ತೆಯಲ್ಲಿ ಬಸ್ಸು ಹೋಗುವಾಗ ನಾನು ಈಗಲೂ ಅತ್ತ ನೋಡುತ್ತೇನೆ, ಎಷ್ಟು ಕಿಟಕಿಗಳಲ್ಲಿ ದೀಪ ಉರಿಯುತ್ತಿದೆ ಎಂದು.

ಆದ್ದರಿಂದ ನೀವು ಸಹಿ ಹಾಕುವ ಮೊದಲು ಕೇಳಿ. ತಿರುಳು ಯಾವ ದರ್ಜೆಯದು? ಅದರ ಬೆಂಕಿ ಪರೀಕ್ಷೆಯ ವರದಿ ಎಲ್ಲಿ? ಆ ವರದಿ ಇದೇ ಹಲಗೆಯದೋ, ಅದೇ ಕಂಪನಿಯ ಬೇರೆ ಹಲಗೆಯದೋ? ತಿರುಳಿನ ಬಣ್ಣ ನೋಡಿ ನಿರ್ಧರಿಸಬೇಡಿ, ಬಣ್ಣ ಯಾವುದನ್ನೂ ಹೇಳುವುದಿಲ್ಲ. ಲಾರಿಯಿಂದ ಮಾಲು ಇಳಿದ ದಿನ ಹಲಗೆಯ ಬೆನ್ನಿನ ಅಚ್ಚನ್ನು ಓದಿ, ಒಂದು ತುಂಡು ತೆಗೆದಿಡಿ. ತೋರಿಸಿದ್ದು ಒಂದು, ಹಾಕಿದ್ದು ಇನ್ನೊಂದು ಆಗಬಾರದು. ವೈರಿಂಗನ್ನು ಕೊಳವೆಯೊಳಗೆ ಹಾಕಿಸಿ. ಎತ್ತರದ ಕಟ್ಟಡವಾದರೆ ಎ2 ಬಿಟ್ಟು ಬೇರೆಯದಕ್ಕೆ ಒಪ್ಪಬೇಡಿ. ಹಣ ಸಾಲದಿದ್ದರೆ ಒಳ್ಳೆಯ ಪ್ಲಾಸ್ಟರು, ತಿಳಿ ಬಣ್ಣ, ಕಿಟಕಿಗೊಂದು ಅಗಲವಾದ ಛಜ್ಜಾ ಸಾಕು. ಅದರಲ್ಲಿ ಅವಮಾನವೇನಿಲ್ಲ.

ನಮ್ಮ ಹೋಟೆಲ್ ಮಾಲೀಕರು ಕೊನೆಗೆ ಅರ್ಧ ಮುಂಭಾಗಕ್ಕೆ ಮಾತ್ರ ಒಳ್ಳೆಯ ಹಲಗೆ ಹಾಕಿಸಿ, ಹುಡುಗರ ಕೋಣೆಯ ಕಿಟಕಿಗಳನ್ನು ತೆರೆದೇ ಬಿಟ್ಟರು. ಕೆಲಸ ಚೌತಿಗೆ ಮುಗಿಯಲಿಲ್ಲ, ದಸರಾಕ್ಕೆ ಮುಗಿಯಿತು.

ಮೇಲೆ ಥಳಕು, ಒಳಗೆ ಹುಳುಕು ಎಂದು ನಮ್ಮ ಹಿರಿಯರು ಮನುಷ್ಯರನ್ನು ಕುರಿತು ಹೇಳಿದ್ದು. ಗೋಡೆಗೂ ಅದು ಸಲ್ಲುತ್ತದೆ. ಮುಂದಿನ ಮೀಟಿಂಗಿನಲ್ಲಿ ಕೊಟೇಶನ್ ಕೈಗೆ ಬಂದಾಗ ಮರೆಯದೆ ಆ ಒಂದು ಪ್ರಶ್ನೆ ಕೇಳಿ.